ಬಸುರಿಯ ಊಟದ ತಟ್ಟೆಯಲ್ಲಿ ಮದ್ದು ಕಂಡ ವೈದ್ಯೆ ಲೂಸಿ ವಿಲ್ಸ್

ಗರ್ಭಿಣಿಯೆಂದು ಖಚಿತವಾದ ಹೆಣ್ಣುಮಗಳು ಸರಕಾರಿ ಆಸ್ಪತ್ರೆಗೆ ಹೋದರೆ ಅಲ್ಲಿ ಆಕೆಯ ತೂಕ ನೋಡುತ್ತಾರೆ, ರಕ್ತ ಪರೀಕ್ಷಿಸುತ್ತಾರೆ, ಮೂರು ತಿಂಗಳು ಕಳೆದ ಮೇಲೆ ಕೆಂಪು ಬಣ್ಣದ ಮಾತ್ರೆಗಳನ್ನು ಕೈಗಿಡುತ್ತಾರೆ. ಜನ ಅದನ್ನು ಕಬ್ಬಿಣದ ಮಾತ್ರೆ ಎಂದೇ ಕರೆಯುವುದು ವಾಡಿಕೆ. ಆದರೆ ಅದರೊಳಗೆ 60 ಮಿಲಿಗ್ರಾಂ ಕಬ್ಬಿಣದ ಜೊತೆಗೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇದೆ. ಹೆಸರಿನಲ್ಲಿ ಜಾಗ ಪಡೆಯದ ಈ ಎರಡನೆಯ ವಸ್ತುವಿನ ಕಥೆ ಆರಂಭವಾಗುವುದು ಯುರೋಪಿನ ಯಾವುದೋ ರಸಾಯನಶಾಲೆಯಲ್ಲಲ್ಲ. ಮುಂಬಯಿಯ ಬಟ್ಟೆ ಗಿರಣಿಗಳ ಕೇರಿಯಲ್ಲಿ.

ರಕ್ತವಿಲ್ಲದೆ ಬಿಳಿಚಿಕೊಂಡು ಹೆರಿಗೆಗೆ ಮುನ್ನವೇ ಸಾಯುತ್ತಿದ್ದ ಬಡ ಬಸುರಿಯರ ಪ್ರಾಣ ಉಳಿಸಲು ದಾರಿ ಹುಡುಕಿದವರು ಇಂಗ್ಲೆಂಡಿನ ವೈದ್ಯೆ ಡಾ. ಲೂಸಿ ವಿಲ್ಸ್. ರೋಗಿಯ ರಕ್ತವನ್ನು ಸೂಕ್ಷ್ಮದರ್ಶಕದಡಿ ನೋಡುವುದಷ್ಟೇ ಸಾಲದು, ಆಕೆಯ ಊಟದ ತಟ್ಟೆಯನ್ನೂ ನೋಡಬೇಕು ಎಂದು ತಮ್ಮ ಕೆಲಸದ ಮೂಲಕ ತೋರಿಸಿಕೊಟ್ಟವರು ಅವರು.

ಕುಡುಗೋಲು ತಯಾರಕರ ಮನೆಯ ಮಗಳು

ಲೂಸಿ ವಿಲ್ಸ್ ಹುಟ್ಟಿದ್ದು 1888ರ ಮೇ 10ರಂದು, ಬರ್ಮಿಂಗ್‌ಹ್ಯಾಂ ನಗರಕ್ಕೆ ಸಮೀಪದ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ. ಕುಡುಗೋಲು ಮೊದಲಾದ ಹರಿತವಾದ ಸಲಕರಣೆಗಳನ್ನು ತಯಾರಿಸುವುದು ಮನೆತನದ ಉದ್ಯಮ. ತಂದೆ ವಿಜ್ಞಾನ ಓದಿದವರು. ತಾಯಿ ಬರ್ಮಿಂಗ್‌ಹ್ಯಾಂನ ಹೆಸರಾಂತ ವೈದ್ಯರೊಬ್ಬರ ಮಗಳು. ಅನುಕೂಲಸ್ಥ ಕುಟುಂಬ, ಹೆಣ್ಣುಮಕ್ಕಳ ಓದಿಗೆ ಅಡ್ಡಿಯಿರಲಿಲ್ಲ. 1903ರಲ್ಲಿ ಲೂಸಿ ಚೆಲ್ಟನ್‌ಹ್ಯಾಂ ಲೇಡೀಸ್ ಕಾಲೇಜಿಗೆ ಸೇರಿದರು. ಹುಡುಗಿಯರಿಗೆ ವಿಜ್ಞಾನ ಮತ್ತು ಗಣಿತವನ್ನು ಶ್ರದ್ಧೆಯಿಂದ ಕಲಿಸುತ್ತಿದ್ದ ಶಾಲೆ ಅದು.

1907ರಲ್ಲಿ ಕೇಂಬ್ರಿಜ್‌ನ ನ್ಯೂನ್‌ಹ್ಯಾಂ ಕಾಲೇಜು. ಸಸ್ಯಶಾಸ್ತ್ರ, ಭೂವಿಜ್ಞಾನ ಅವರ ವಿಷಯಗಳು. 1911ರ ಹೊತ್ತಿಗೆ ಪರೀಕ್ಷೆಗಳೆಲ್ಲ ಮುಗಿದವು. ಆದರೆ ಪದವಿ ಸಿಗಲಿಲ್ಲ. ಹೆಣ್ಣುಮಕ್ಕಳು ಪರೀಕ್ಷೆ ಬರೆಯಬಹುದು, ತೇರ್ಗಡೆಯಾಗಬಹುದು, ಪದವಿ ಮಾತ್ರ ಪಡೆಯುವಂತಿಲ್ಲ ಎಂಬುದು ಕೇಂಬ್ರಿಜ್‌ನ ಅಂದಿನ ನಿಯಮ. 1948ರವರೆಗೂ ಅಲ್ಲಿ ಹೆಂಗಸರಿಗೆ ಪೂರ್ಣ ಪದವಿ ದಕ್ಕಲಿಲ್ಲ.

ಅದೇ 1911ರಲ್ಲಿ ತಂದೆ ತೀರಿಕೊಂಡರು. ಎರಡು ವರ್ಷಗಳ ನಂತರ 26ರ ಹರೆಯದ ಸಹೋದರಿ ಈಡಿತ್ ಸಾವಿಗೀಡಾದರು. ಆ ವರ್ಷ ಲೂಸಿ ತಾಯಿಯೊಡನೆ ಸಿಂಹಳಕ್ಕೆ ಪ್ರಯಾಣ ಮಾಡಿದರು. 1914ರಲ್ಲಿ ಸಹೋದರ ಗಾರ್ಡನ್ ಮತ್ತು ಗೆಳತಿ ಮಾರ್ಗೊ ಹ್ಯೂಮ್ ಜೊತೆ ದಕ್ಷಿಣ ಆಫ್ರಿಕಕ್ಕೆ ತೆರಳಿದರು. ಅವರು ಅಲ್ಲಿದ್ದಾಗಲೇ ಮೊದಲ ಮಹಾಯುದ್ಧ ಆರಂಭವಾಯಿತು. ಸಹೋದರ ಸೈನ್ಯ ಸೇರಿದರೆ, ಲೂಸಿ ಕೇಪ್‌ಟೌನ್‌ನಲ್ಲಿ ಸ್ವಯಂಸೇವಕ ದಾದಿಯಾಗಿ ದುಡಿದರು. ವೈದ್ಯಳಾಗಬೇಕೆಂಬ ಸಂಕಲ್ಪ ಗಟ್ಟಿಯಾದದ್ದು ಈ ಅವಧಿಯಲ್ಲೇ.

1915ರ ಜನವರಿಯಲ್ಲಿ ಮಹಿಳೆಯರಿಗಾಗಿಯೇ ಇದ್ದ ಲಂಡನ್ ವೈದ್ಯಕೀಯ ಶಾಲೆಗೆ ಪ್ರವೇಶ ಪಡೆದರು. 1920ರಲ್ಲಿ, ತಮ್ಮ 32ನೇ ವಯಸ್ಸಿನಲ್ಲಿ, ವೈದ್ಯೆಯಾಗಿ ಹೊರಬಂದರು. ಆದರೆ ದವಾಖಾನೆ ತೆರೆದು ರೋಗಿಗಳನ್ನು ನೋಡುವುದರತ್ತ ಅವರ ಮನಸ್ಸು ಹರಿಯಲಿಲ್ಲ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಗರ್ಭಿಣಿಯರ ದೇಹದೊಳಗಿನ ಬದಲಾವಣೆಗಳನ್ನು ಅಭ್ಯಾಸ ಮಾಡುವ ಸಂಶೋಧನೆಗೆ ತೊಡಗಿದರು. ಬಸಿರು ಕಾಯಿಲೆಯಲ್ಲ, ಆದರೆ ಅದು ದೇಹದಿಂದ ಬಹಳಷ್ಟನ್ನು ಕೇಳುತ್ತದೆ. ಆ ಬೇಡಿಕೆ ಪೂರೈಸದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಯೇ ಅವರ ಮುಂದಿನ ಬದುಕಿನ ಕೆಲಸವಾಯಿತು.

ಪರೇಲ್‌ನ ಪ್ರಯೋಗಾಲಯ

ಇಪ್ಪತ್ತರ ದಶಕದ ಭಾರತದಲ್ಲಿ ಬಾಣಂತಿಯರ ಸಾವು ಸಾಮಾನ್ಯ ಸಂಗತಿ. ಅವುಗಳ ಕಾರಣ ತಿಳಿಯಲು ಭಾರತೀಯ ಸಂಶೋಧನಾ ನಿಧಿ ಸಂಘ ತನಿಖೆಯೊಂದನ್ನು ಕೈಗೊಂಡಿತು. ಇಂದಿನ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪೂರ್ವರೂಪವೇ ಈ ಸಂಘ. ಭಾರತದಲ್ಲಿ ದೀರ್ಘಕಾಲ ದುಡಿದಿದ್ದ ವೈದ್ಯೆ ಡಾ. ಮಾರ್ಗರೆಟ್ ಬಾಲ್‌ಫೋರ್ ಈ ಕಾರ್ಯಕ್ಕೆ ಲೂಸಿಯವರನ್ನು ಆಹ್ವಾನಿಸಿದರು. 1928ರಲ್ಲಿ ಲೂಸಿ ಮುಂಬಯಿಗೆ ಬಂದಿಳಿದರು. ಪರೇಲ್‌ನ ಹಾಫ್‌ಕಿನ್ ಸಂಸ್ಥೆ ಅವರ ಕಾರ್ಯಸ್ಥಾನ. ಸುತ್ತಲೂ ಬಟ್ಟೆ ಗಿರಣಿಗಳು, ಗಿರಣಿ ಕಾರ್ಮಿಕರ ಇಕ್ಕಟ್ಟಾದ ಚಾಳುಗಳು.

ಅಲ್ಲಿನ ಬಡ ಗರ್ಭಿಣಿಯರನ್ನು ಕಾಡುತ್ತಿದ್ದುದು ವಿಚಿತ್ರ ಬಗೆಯ ರಕ್ತಹೀನತೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಮುಖ ಬಿಳಿಚಿಕೊಳ್ಳುತ್ತಿತ್ತು, ಏದುಸಿರು ಹತ್ತುತ್ತಿತ್ತು, ನಾಲ್ಕು ಹೆಜ್ಜೆ ನಡೆದರೂ ಸುಸ್ತು. ತೀವ್ರವಾದರೆ ತಾಯಿಯೂ ಉಳಿಯುತ್ತಿರಲಿಲ್ಲ, ಮಗುವೂ ಉಳಿಯುತ್ತಿರಲಿಲ್ಲ. ಕಬ್ಬಿಣದ ಕೊರತೆಯಿಂದ ಬರುವ ರಕ್ತಹೀನತೆಯಲ್ಲಿ ಕೆಂಪು ರಕ್ತಕಣಗಳು ಕುಗ್ಗುತ್ತವೆ. ಈ ಹೆಂಗಸರ ರಕ್ತದಲ್ಲಿ ಕಣಗಳ ಸಂಖ್ಯೆ ಇಳಿದಿತ್ತು, ಆದರೆ ಉಳಿದ ಕಣಗಳು ಮಾಮೂಲಿಗಿಂತ ಊದಿಕೊಂಡು ದೊಡ್ಡದಾಗಿದ್ದವು. ಹಾಗಾಗಿ ಇದು ಬರೀ ಕಬ್ಬಿಣದಿಂದ ಗುಣವಾಗುವ ರೋಗವಾಗಿರಲಿಲ್ಲ.

ಊದಿದ ಕಣಗಳ ಇನ್ನೊಂದು ರೋಗ ಆಗ ವೈದ್ಯಲೋಕಕ್ಕೆ ಗೊತ್ತಿತ್ತು. ಪರ್ನಿಷಿಯಸ್ ಅನೀಮಿಯಾ ಎಂದು ಅದರ ಹೆಸರು. ಪ್ರಾಣಿಗಳ ಯಕೃತ್ತನ್ನು ತಿನ್ನಿಸಿ ಅದನ್ನು ಗುಣಪಡಿಸಬಹುದೆಂದು ಅಮೆರಿಕದ ಮೈನಾಟ್ ಮತ್ತು ಮರ್ಫಿ 1926ರಲ್ಲಿ ತೋರಿಸಿದ್ದರು. ಈ ಸಾಧನೆಗೆ ವಿಪಲ್ ಅವರ ಜೊತೆ 1934ರ ನೊಬೆಲ್ ಪ್ರಶಸ್ತಿಯೂ ಅವರಿಗೆ ಸಂದಿತು. ಮುಂಬಯಿಯ ರೋಗವೂ ಅದೇ ಇರಬಹುದೆ? ಲೂಸಿಯವರಿಗೆ ಹಾಗನ್ನಿಸಲಿಲ್ಲ. ಪರ್ನಿಷಿಯಸ್ ಅನೀಮಿಯಾ ರೋಗಿಗಳ ಜಠರದಲ್ಲಿ ಆಮ್ಲ ಉತ್ಪತ್ತಿಯಾಗುವುದಿಲ್ಲ. ಮುಂಬಯಿಯ ಗರ್ಭಿಣಿಯರಲ್ಲಿ ಅದು ಸರಿಯಾಗಿಯೇ ಇತ್ತು. ರೋಗ ಬೇರೆ, ಹಾಗಾದರೆ ಕಾರಣವೂ ಬೇರೆ.

ತಟ್ಟೆಯಲ್ಲಿ ಏನಿದೆ?

ಕಾರಣ ಹುಡುಕುತ್ತ ಲೂಸಿ ಪ್ರಯೋಗಾಲಯದಿಂದ ಹೊರಬಂದು ಹೆಂಗಸರ ದಿನನಿತ್ಯದ ಬದುಕನ್ನು ಗಮನಿಸತೊಡಗಿದರು. ಎಸ್. ಎನ್. ತಲ್ಪಡೆ ಅವರೊಡನೆ ಸೇರಿ ಮುಂಬಯಿಯ ಬೇರೆ ಬೇರೆ ಸಮುದಾಯ, ಬೇರೆ ಬೇರೆ ವರ್ಗದ ಹೆಂಗಸರು ಏನು ಉಣ್ಣುತ್ತಾರೆ, ಹೇಗೆ ಬದುಕುತ್ತಾರೆ ಎಂಬುದರ ಸಮೀಕ್ಷೆ ನಡೆಸಿದರು. 1930ರಲ್ಲಿ ಅದು ಭಾರತೀಯ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿತ್ರ ಸ್ಪಷ್ಟವಾಗಿತ್ತು. ಊಟ ಎಲ್ಲಿ ಬಡವಾಗಿತ್ತೋ ರೋಗ ಅಲ್ಲಿತ್ತು. ಅದರಲ್ಲೂ ಬಡ ಮುಸ್ಲಿಂ ಕುಟುಂಬಗಳ ಹೆಂಗಸರ ಆಹಾರದಲ್ಲಿ ಕೊರತೆ ಎಲ್ಲರಿಗಿಂತ ಹೆಚ್ಚಾಗಿತ್ತು.

ಸಮೀಕ್ಷೆಯಷ್ಟೇ ಸಾಕ್ಷ್ಯವಾಗುವುದಿಲ್ಲ. ಆ ಹೆಂಗಸರು ಉಣ್ಣುತ್ತಿದ್ದಂಥ ಆಹಾರವನ್ನೇ ಇಲಿಗಳಿಗೆ ಕೊಟ್ಟು ನೋಡಲಾಯಿತು. ಬಸಿರಾದ ಇಲಿಗಳಿಗೆ ರಕ್ತಹೀನತೆ ತಗುಲಿ, ಮರಿ ಹಾಕುವ ಮೊದಲೇ ಸತ್ತವು. ಆಹಾರಕ್ಕೆ ಯೀಸ್ಟ್ ಬೆರೆಸಿದಾಗ ರೋಗ ತಡೆಗಟ್ಟಿತು. ಆದರೆ ಹೇನುಗಳಿಂದ ಹರಡುವ ಬಾರ್ಟೊನೆಲ್ಲಾ ಎಂಬ ಸೋಂಕು ಇಲಿಗಳಲ್ಲಿರುವುದು ಆಮೇಲೆ ಪತ್ತೆಯಾಗಿ, ಯಾವುದು ಆಹಾರದ ಫಲ, ಯಾವುದು ಸೋಂಕಿನ ಫಲ ಎಂಬ ಗೊಂದಲ ಹುಟ್ಟಿತು. ಲೂಸಿ ಪ್ರಯೋಗವನ್ನು ಕೈಬಿಡಲಿಲ್ಲ. ಮಂಗಗಳ ಮೇಲೆ ಮತ್ತೆ ಆರಂಭಿಸಿದರು. ಎಚ್. ಎಸ್. ಬಿಲಿಮೋರಿಯಾ ಅವರೊಡನೆ ನಡೆಸಿದ ಈ ಪ್ರಯೋಗದಲ್ಲಿ, ಕೊರತೆಯ ಆಹಾರ ಉಂಡ ಮಂಗಗಳಲ್ಲೂ ಅದೇ ಊದಿದ ರಕ್ತಕಣಗಳು ಕಾಣಿಸಿಕೊಂಡವು.

ಮುಂಬಯಿಯೊಂದರಲ್ಲೇ ಅವರ ಕೆಲಸ ನಿಲ್ಲಲಿಲ್ಲ. 1929ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿದ್ದರು. ಭಾರತದ ಆಹಾರ ಸಂಶೋಧನೆಗೆ ಅಡಿಪಾಯ ಹಾಕಿದ ರಾಬರ್ಟ್ ಮೆಕ್‌ಕ್ಯಾರಿಸನ್ ಆಗ ಅಲ್ಲಿದ್ದರು. ಅದೇ ವರ್ಷ ಲೂಸಿ ಮೈಸೂರಿಗೂ ಬಂದಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾರ್ಯದರ್ಶಿಯಾಗಿದ್ದ ಸರ್ ಚಾರ್ಲ್ಸ್ ಟಾಡ್‌ಹಂಟರ್ ಅವರ ಆಶ್ರಯದಲ್ಲಿ ಸಂಸ್ಥಾನವನ್ನು ನೋಡುವ ಅವಕಾಶ ಅವರಿಗೆ ದೊರೆಯಿತು. 1931ರ ಆರಂಭದಲ್ಲಿ ಮದರಾಸಿನ ಕ್ಯಾಸ್ಟ್ ಅಂಡ್ ಗೋಷಾ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಬೇಸಿಗೆಗಳಲ್ಲಿ ಲಂಡನ್ನಿಗೆ ಮರಳಿ ರಾಯಲ್ ಫ್ರೀ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅದೇ ಕೆಲಸ ಮುಂದುವರಿಸುತ್ತಿದ್ದರು.

ಬ್ರೆಡ್ಡಿಗೆ ಹಚ್ಚುವ ಲೇಹ್ಯ

ಗೆಲುವು ಬಂದದ್ದು ಯಾರೂ ಎಣಿಸದ ಕಡೆಯಿಂದ. ಬಿಯರ್ ತಯಾರಿಕೆಯಲ್ಲಿ ಮಿಕ್ಕುವ ಯೀಸ್ಟ್‌ನಿಂದ ಮಾಡುವ, ಇಂಗ್ಲಿಷರು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುವ ಕಪ್ಪನೆಯ, ಉಪ್ಪುಪ್ಪಾದ ಲೇಹ್ಯವೊಂದಿದೆ. ಮಾರ್ಮೈಟ್ ಅದರ ಹೆಸರು. 1902ರಿಂದ ಇಂಗ್ಲೆಂಡಿನ ಬರ್ಟನ್‌ನಲ್ಲಿ ತಯಾರಾಗುತ್ತಿದ್ದ ಅಗ್ಗದ ಪದಾರ್ಥ. ಕಾಯಿಲೆ ಬಿದ್ದ ಮಂಗವೊಂದಕ್ಕೆ ಇದನ್ನು ಕೊಟ್ಟಾಗ ಅದು ಬೆರಗಾಗುವಂತೆ ಚೇತರಿಸಿಕೊಂಡಿತು. ಗರ್ಭಿಣಿಯರಿಗೆ ಕೊಟ್ಟಾಗಲೂ ರಕ್ತ ಮತ್ತೆ ವೃದ್ಧಿಯಾಗತೊಡಗಿತು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೂಸಿ ಈ ಫಲಿತಾಂಶವನ್ನು ಪ್ರಕಟಿಸಿದರು.

ಇದರ ಮಹತ್ವ ಎರಡು ಬಗೆಯದು. ಯಕೃತ್ತು ದುಬಾರಿ, ಮೇಲಾಗಿ ಸಸ್ಯಾಹಾರಿಗಳು ಅದನ್ನು ಮುಟ್ಟುವುದಿಲ್ಲ. ಯೀಸ್ಟ್ ಸಾರಕ್ಕೆ ಆ ತೊಡಕಿರಲಿಲ್ಲ. ಎರಡನೆಯದು ಇನ್ನೂ ದೊಡ್ಡದು. ಶುದ್ಧೀಕರಿಸಿದ ಯಕೃತ್ತಿನ ಸಾರ ಪರ್ನಿಷಿಯಸ್ ಅನೀಮಿಯಾವನ್ನು ಗುಣಪಡಿಸುತ್ತಿತ್ತು, ಆದರೆ ಮುಂಬಯಿಯ ಬಸುರಿಯರ ಮೇಲೆ ಅದು ಕೆಲಸ ಮಾಡುತ್ತಿರಲಿಲ್ಲ. ಕಚ್ಚಾ ಸಾರವಾದರೆ ಕೆಲಸ ಮಾಡುತ್ತಿತ್ತು. ಅಂದರೆ ಶುದ್ಧೀಕರಿಸುವಾಗ ಹೊರಹೋಗುವ ಯಾವುದೋ ಒಂದು ಪೋಷಕಾಂಶ ಈ ರೋಗಕ್ಕೆ ಮದ್ದು, ಮತ್ತು ಅದು ಯೀಸ್ಟ್‌ನಲ್ಲೂ ಇದೆ. ಅದು ಏನೆಂದು ಅಂದು ಯಾರಿಗೂ ಗೊತ್ತಿರಲಿಲ್ಲ. ವೈದ್ಯಲೋಕ ಅದನ್ನು ವಿಲ್ಸ್ ಅಂಶ ಎಂದು ಕರೆಯಿತು.

1933ರಲ್ಲಿ ಲೂಸಿ ಲಂಡನ್ನಿಗೆ ಮರಳಿ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಪೂರ್ಣಾವಧಿ ಕೆಲಸಕ್ಕೆ ಸೇರಿದರು. 1937ರ ಕೊನೆಯಲ್ಲಿ ಹತ್ತು ವಾರಗಳ ಮಟ್ಟಿಗೆ ಮತ್ತೊಮ್ಮೆ ಹಾಫ್‌ಕಿನ್ ಸಂಸ್ಥೆಗೆ ಬಂದರು. ಆಗ ನೀರಿನ ಮೇಲಿಳಿಯುವ ವಿಮಾನದಲ್ಲಿ ಐದು ದಿನ ಹಾರಿ ಕರಾಚಿ ತಲುಪಿ, ಅಲ್ಲಿಂದ ಹಡಗು ಹಿಡಿದಿದ್ದರು.

ಹೆಸರು ಬದಲಾದ ಅಂಶ

ಮುಂದಿನ ಕೆಲಸ ರಸಾಯನಶಾಸ್ತ್ರಜ್ಞರದು. 1941ರಲ್ಲಿ ಅಮೆರಿಕದ ಟೆಕ್ಸಾಸ್‌ನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಅರೆದು, ಸೋಸಿ, ಒಂದು ವಸ್ತುವನ್ನು ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ ಫೋಲಿಯಂ ಎಂದರೆ ಎಲೆ. ಸೊಪ್ಪಿನಿಂದ ಬಂದದ್ದಕ್ಕೆ ಫೋಲಿಕ್ ಆಮ್ಲ ಎಂಬ ಹೆಸರಾಯಿತು. 1945ರಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯ ಅದನ್ನು ಕೃತಕವಾಗಿ ತಯಾರಿಸಿತು. ಅಲ್ಲಿನ ಸಂಶೋಧನೆಯ ನೇತೃತ್ವ ವಹಿಸಿದ್ದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ವಿಲ್ಸ್ ಅಂಶವೆಂದು ಕರೆಸಿಕೊಂಡದ್ದು ಇದನ್ನೇ ಎಂಬುದು ಆಮೇಲೆ ಗೊತ್ತಾಯಿತು. ಶುದ್ಧೀಕರಿಸಿದ ಯಕೃತ್ತಿನ ಸಾರದಲ್ಲಿ ಉಳಿಯುತ್ತಿದ್ದ ಇನ್ನೊಂದು ವಸ್ತು ಬಿ-12 ಜೀವಸತ್ವವೆಂದು 1948ರಲ್ಲಿ ತಿಳಿಯಿತು.

ಲೂಸಿಯವರ ತರ್ಕ ಅಕ್ಷರಶಃ ಸರಿಯಾಗಿತ್ತು. ಹೊಸ ಜೀವಕೋಶಗಳು ಹುಟ್ಟಲು ಫೋಲಿಕ್ ಆಮ್ಲ ಬೇಕು. ಅದಿಲ್ಲದಿದ್ದರೆ ರಕ್ತಕಣಗಳು ಬೆಳೆಯುತ್ತವೆ, ಆದರೆ ಸರಿಯಾಗಿ ವಿಭಜನೆಯಾಗುವುದಿಲ್ಲ, ಆದ್ದರಿಂದಲೇ ಊದಿಕೊಳ್ಳುತ್ತವೆ. ಗರ್ಭದಲ್ಲಿ ಮಗುವಿನ ಮೈ, ಮಾಸು, ತಾಯಿಯ ರಕ್ತ ಎಲ್ಲವೂ ಏಕಕಾಲಕ್ಕೆ ಬೆಳೆಯುವುದರಿಂದ ಬಸುರಿಗೆ ಇದರ ಅಗತ್ಯ ಹೆಚ್ಚು.

ಎರಡನೇ ಮಹಾಯುದ್ಧದುದ್ದಕ್ಕೂ ಲೂಸಿ ತುರ್ತು ವೈದ್ಯಕೀಯ ಸೇವೆಯಲ್ಲಿ ದುಡಿದರು. 1944ರ ಜುಲೈನಲ್ಲಿ ಜರ್ಮನರ ಹಾರುವ ಬಾಂಬು ಅವರ ಆಸ್ಪತ್ರೆಯ ಮೇಲೆಯೇ ಬಿದ್ದು ಹಲವರು ಸತ್ತರು. ಕೆಲವೇ ದಿನಗಳಲ್ಲಿ ಕೆಲಸ ಮತ್ತೆ ಆರಂಭವಾಯಿತು. ಯುದ್ಧ ಮುಗಿಯುವ ಹೊತ್ತಿಗೆ ರಾಯಲ್ ಫ್ರೀ ಆಸ್ಪತ್ರೆಯ ಮೊದಲ ರಕ್ತವಿಜ್ಞಾನ ವಿಭಾಗವನ್ನು ಅವರು ಕಟ್ಟಿದ್ದರು. 1947ರಲ್ಲಿ ನಿವೃತ್ತರಾದ ಮೇಲೂ ವಿಶ್ರಮಿಸಲಿಲ್ಲ. ಜಮೈಕಾ, ಫಿಜಿ, ದಕ್ಷಿಣ ಆಫ್ರಿಕಗಳಿಗೆ ಹೋಗಿ ಆಹಾರ ಮತ್ತು ರಕ್ತಹೀನತೆಯ ಅಧ್ಯಯನ ಮುಂದುವರಿಸಿದರು.

ಅವರು ಮದುವೆಯಾಗಲಿಲ್ಲ. ಕಾರಿನ ಹಂಗಿಲ್ಲದೆ ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಗೆಳತಿ ಮಾರ್ಗೊ ಹ್ಯೂಮ್ ಜೊತೆಗೂಡಿ ಸರ್ರಿಯಲ್ಲಿ ಕೊಂಡಿದ್ದ ಪುಟ್ಟ ಮನೆಯ ತೋಟದಲ್ಲಿ ಗಿಡಗಳನ್ನು ಬೆಳೆಸಿದರು. ಕೊನೆಯ ಹತ್ತು ವರ್ಷ ಲಂಡನ್ನಿನ ಚೆಲ್ಸಿಯಲ್ಲಿ ಲೇಬರ್ ಪಕ್ಷದ ಸ್ಥಳೀಯ ಪ್ರತಿನಿಧಿಯಾಗಿದ್ದರು. 1964ರ ಏಪ್ರಿಲ್ 16ರಂದು ನಿಧನರಾದರು.

ಮಾತ್ರೆಯಿದೆ, ರಕ್ತವಿಲ್ಲ

ಅವರು ಹಿಡಿದ ಎಳೆಗೆ ಎಷ್ಟು ಉದ್ದವಿದೆ ಎಂಬುದು ಅವರ ಮರಣಾನಂತರ ತಿಳಿಯಿತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1991ರಲ್ಲಿ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಮಗುವಿನ ಮೆದುಳು, ಬೆನ್ನುಹುರಿಗಳ ಜನ್ಮದೋಷ ಒಮ್ಮೆ ಕಂಡ ತಾಯಂದಿರು ಮುಂದಿನ ಬಸಿರಿಗೆ ಮೊದಲೇ ಫೋಲಿಕ್ ಆಮ್ಲ ಸೇವಿಸಿದರೆ, ದೋಷ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಗುತ್ತದೆ ಎಂದು ಅದರಿಂದ ತಿಳಿದುಬಂತು. 1998ರಿಂದ ಅಮೆರಿಕದಲ್ಲಿ ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವುದು ಕಡ್ಡಾಯವಾಯಿತು. ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮಗುವಿನ ನರನಾಳ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದೇ ತಿಳಿದಿರುವುದಿಲ್ಲ. ಆದ್ದರಿಂದಲೇ ಮಗು ಬೇಕೆಂದು ನಿರ್ಧರಿಸಿದಾಗಲೇ ವೈದ್ಯರ ಸಲಹೆಯಂತೆ ಮಾತ್ರೆ ಆರಂಭಿಸಬೇಕು ಎನ್ನುವುದು.

ಭಾರತದಲ್ಲಿ ಗರ್ಭಿಣಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಡುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1970ರಲ್ಲಿ. ಅರ್ಧ ಶತಮಾನ ಕಳೆದರೂ ಫಲಿತಾಂಶ ಸಮಾಧಾನ ತರುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2 ಮಂದಿಗೆ ರಕ್ತಹೀನತೆಯಿತ್ತು. ಕರ್ನಾಟಕದ ಪ್ರಮಾಣ ಶೇ. 45.7. ಅಂದರೆ ನಮ್ಮ ರಾಜ್ಯದಲ್ಲೂ ಹೆಚ್ಚುಕಡಿಮೆ ಇಬ್ಬರು ಬಸುರಿಯರಲ್ಲಿ ಒಬ್ಬರಿಗೆ ಸಾಕಷ್ಟು ರಕ್ತವಿರಲಿಲ್ಲ.

ಮಾತ್ರೆ ಮನೆ ತಲುಪುತ್ತದೆ, ಹೊಟ್ಟೆ ಸೇರುವುದಿಲ್ಲ. ವಾಕರಿಕೆ ಬರುತ್ತದೆಂದು ಕೆಲವರು, ಮಲ ಕಪ್ಪಾಗುತ್ತದೆಂದು ಹೆದರಿ ಕೆಲವರು ಅದನ್ನು ಬಿಟ್ಟುಬಿಡುತ್ತಾರೆ. ಚಹಾ, ಕಾಫಿಯ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಸೊಪ್ಪನ್ನು ಬಹಳ ಹೊತ್ತು ಕುದಿಸಿ ನೀರು ಬಸಿದರೆ ಅದರಲ್ಲಿನ ಫೋಲೇಟ್ ಬಹುಪಾಲು ನಷ್ಟವಾಗುತ್ತದೆ. ಇದಕ್ಕೆ ಹಳೆಯ ನಂಬಿಕೆಗಳೂ ಸೇರಿಕೊಳ್ಳುತ್ತವೆ. ಬಸುರಿ ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂದು ಊಟಕ್ಕೆ ಕಡಿವಾಣ ಹಾಕುವ ಮನೆಗಳು ಇಂದಿಗೂ ಇವೆ. ಸಾಧಾರಣ ಮೈಕಟ್ಟಿನ ಗರ್ಭಿಣಿಯ ತೂಕ ಒಂಬತ್ತು ತಿಂಗಳಲ್ಲಿ ಸುಮಾರು 10ರಿಂದ 12 ಕಿಲೋ ಏರಬೇಕೆಂಬುದು ನಮ್ಮ ದೇಶದಲ್ಲಿ ವೈದ್ಯರು ಹೇಳುವ ಲೆಕ್ಕ. ಅಷ್ಟು ಏರದಿದ್ದರೆ ಮಗು ಎರಡೂವರೆ ಕಿಲೋಗಿಂತ ಕಡಿಮೆ ತೂಕದ್ದಾಗಿ ಹುಟ್ಟುವ ಅಪಾಯ ಹೆಚ್ಚು. ನಗರಗಳಲ್ಲಿ ಇದಕ್ಕೆ ತಿರುಗಾದ ತೊಂದರೆಯೂ ಇದೆ. ಇಬ್ಬರ ಊಟ ಒಬ್ಬಳೇ ಉಣ್ಣಬೇಕೆಂದು ತುಪ್ಪ, ಸಿಹಿ ತುಂಬಿಸಿ ತೂಕ ಮಿತಿಮೀರಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಭಯ. ತೂಕ ಏರಿದ ಮಾತ್ರಕ್ಕೆ ರಕ್ತ ಸರಿಯಿದೆಯೆಂದೂ ಅರ್ಥವಲ್ಲ.

ಕರ್ನಾಟಕ ಸರಕಾರ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆಯನ್ನು ರಾಜ್ಯದೆಲ್ಲೆಡೆ ಆರಂಭಿಸಿ, ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸಲು ಮುಂದಾಯಿತು. ಮಾತ್ರೆಯ ಜೊತೆ ಊಟವೂ ಬೇಕೆಂಬ ಆ ಆಲೋಚನೆ ಪರೇಲ್‌ನಲ್ಲಿ ನಡೆದ ಸಮೀಕ್ಷೆಯ ಪಾಠಕ್ಕೆ ದೂರದ್ದಲ್ಲ. ಲೂಸಿ ವಿಲ್ಸ್ ಫೋಲಿಕ್ ಆಮ್ಲವನ್ನು ಕಣ್ಣಾರೆ ಬೇರ್ಪಡಿಸಿ ನೋಡಿದವರಲ್ಲ, ನೊಬೆಲ್ ಪಡೆದವರೂ ಅಲ್ಲ. 2019ರ ಮೇ 10ರಂದು, ಅವರ 131ನೇ ಜನ್ಮದಿನದ ನೆನಪಿಗೆ, ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದಾಗ ಅನೇಕರು ಆ ಹೆಸರನ್ನು ಮೊದಲ ಸಲ ಓದಿದರು. ಬಸುರಿಯ ಮುಖ ಬಿಳಿಚಿದ್ದರೆ ಆಕೆ ಏನು ಉಂಡಳೆಂದು ಕೇಳಬೇಕು ಎಂಬುದು ಅವರು ಬಿಟ್ಟುಹೋದ ಪಾಠ. ಆ ಪ್ರಶ್ನೆಯನ್ನು ಕೇಳಲು ವೈದ್ಯರೇ ಆಗಬೇಕಿಲ್ಲ. ಗಂಡ, ಅತ್ತೆ, ತವರಿನವರು ಯಾರಾದರೂ ಕೇಳಬಹುದು.